ಹೆಡ್‌ಮಿಸ್‌ಗೆ ಹೇಳಿದ ಮೇಲೆ ಏನು ಮಾಡಿದೆ, ತಂಗಿ?

ಪ್ರೀತಿಯ ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ನಮ್ಮ ಸೋಮವಾರಪೇಟೆ ಕಡೆಯ ಹುಡುಗಿ ಫಿಸಿಕ್ಸ್ ಟೀಚರ್ ಆಗಿ ಇಂಗ್ಲೆಂಡಿಗೆ ಬರುತ್ತಾಳೆ ಅಂದರೆ ನನಗೆ ಹುತ್ತರಿಯಷ್ಟೇ ಸಂಭ್ರಮ. ನಾನು 2007ರಲ್ಲಿ ಬಂದಾಗ ನನ್ನ ಬಿ.ಎಡ್. ನಂಬಿಕೊಂಡು ಕೆಲಸ ಹುಡುಕುವ ಧೈರ್ಯ ಬರಲಿಲ್ಲ, ಮತ್ತೆ ಒಂದು ವರ್ಷ ಇಲ್ಲಿನ ಶಿಕ್ಷಕ ತರಬೇತಿ ಪಿಜಿಸಿಇ ಓದಿದೆ. 2023ರ ಫೆಬ್ರವರಿಯಿಂದ ಭಾರತದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ಊರಲ್ಲಿದ್ದುಕೊಂಡೇ ಇಲ್ಲಿನ ಶಿಕ್ಷಕ ಅರ್ಹತೆಗೆ ಅರ್ಜಿ ಹಾಕುವ ಹಾಗಾಗಿದೆ. ನಿನಗೆ ಆ ದಾರಿ ಸಿಕ್ಕಿದ್ದು ಒಳ್ಳೆಯದಾಯಿತು.

ಚಿಕ್ಕ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಮಳೆಗೆ ಹೆದರಬೇಡ, ಮಡಿಕೇರಿಯ ಜುಲೈ ಕಂಡವಳಿಗೆ ಇಲ್ಲಿಯದು ಬರೀ ಜಿನುಗು. ಕಷ್ಟವಾಗುವುದು ಡಿಸೆಂಬರಿನ ಕತ್ತಲೆ. ಸಂಜೆ ನಾಲ್ಕಕ್ಕೇ ದೀಪ ಹಾಕಬೇಕು, ಮೊದಲ ವರ್ಷ ಮನಸ್ಸು ಕುಗ್ಗುತ್ತದೆ. ಮನೆ ನೋಡುವಾಗ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತದ ಮನೆ ತೆರಿಗೆ, ಬಾಡಿಗೆಯಲ್ಲೇ ಸೇರಿದೆಯೋ ಬೇರೆಯೋ ಕೇಳಿಕೋ. ಕಾಫಿಪುಡಿ ತಾ. ನಮ್ಮ ಹುಳಿರಸ ಕಾಚಂಪುಳಿ ತರುವುದಾದರೆ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಇಡು.

ಇನ್ನು ನಿನ್ನ ನಿಜವಾದ ಭಯ. ಅದನ್ನು ನಿನ್ನ ಮಾತಿನಲ್ಲೇ ಇಡುತ್ತೇನೆ: "ಅಕ್ಕ, ಅಲ್ಲಿ ಮಕ್ಕಳ ರಕ್ಷಣೆಯಲ್ಲಿ ತಪ್ಪಾಯಿತು ಅಂತ ಹೆಡ್‌ಟೀಚರನ್ನೇ ಕೂರಿಸಿ ವಿಚಾರಣೆ ಮಾಡಿ, ಜೀವಮಾನದಲ್ಲಿ ಪಾಠ ಮಾಡದ ಹಾಗೆ ನಿಷೇಧ ಹಾಕುತ್ತಾರಂತೆ. ಹೆಡ್‌ಗೇ ಹೀಗಾದರೆ ಹೊಸಬಳಾದ ನನ್ನ ಗತಿ ಏನು? ಒಂದು ಸಣ್ಣ ತಪ್ಪಿಗೆ ಎಲ್ಲ ಕಳೆದುಕೊಂಡು ವಾಪಸ್ ಬರಬೇಕಾ?"

ಅಂಥ ಒಂದು ವಿಚಾರಣೆಯಲ್ಲಿ ನಾನು ಸಾಕ್ಷಿ ಹೇಳಿದ್ದೇನೆ. ನನ್ನದೇ ಹೆಡ್‌ಮಿಸ್ ವಿರುದ್ಧ.

ಶಾಲೆಯ ಹೆಸರು ಬೇಡ, ಊರೂ ಬೇಡ. ಆಕೆ ಕೆಟ್ಟ ಹೆಂಗಸಾಗಿರಲಿಲ್ಲ, ಇದನ್ನು ಮೊದಲು ತಿಳಿದುಕೋ. ನನ್ನ ಅಮ್ಮ ತೀರಿಕೊಂಡಾಗ ಎರಡು ವಾರ ರಜೆ ಕೊಟ್ಟು, ನನ್ನ ತರಗತಿಗಳನ್ನು ತಾವೇ ನಿಂತು ನೋಡಿಕೊಂಡವರು. ನಾನು ಊರಿಂದ ಮರಳಿದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನನ್ನು ತಬ್ಬಿಕೊಂಡರು. ಅವರ ಋಣ ನನ್ನ ಮೇಲಿತ್ತು. ಮುಂದೆ ನಾನು ಮಾಡಿದ ತಪ್ಪಿನ ಬೇರು ಆ ಋಣದಲ್ಲೇ ಇದೆ.

ಒಂದು ದಿನ ಲ್ಯಾಬಿನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬನ ಫೋನ್ ಕಿತ್ತಿಟ್ಟುಕೊಂಡೆ. ಪರದೆಯ ಮೇಲೆ ಒಂದು ಸಂದೇಶ ಕಂಡಿತು. ಸಂಜೆ ಆಟ ಕಲಿಸಲು ಬರುತ್ತಿದ್ದ ಕೋಚ್ ಹಿಂದಿನ ರಾತ್ರಿ ಹನ್ನೊಂದಕ್ಕೆ ಕಳಿಸಿದ್ದು. ಏನು ಬರೆದಿತ್ತು ಅನ್ನುವುದು ಆ ಹುಡುಗನ ಸಂಗತಿ, ಇಲ್ಲಿ ಹೇಳುವುದಿಲ್ಲ. ದೊಡ್ಡವನೊಬ್ಬ ಮಗುವಿಗೆ ಬರೆಯುವ ಮಾತಲ್ಲ ಅದು. ಅವತ್ತೇ ಕಾಗದದಲ್ಲಿ ಬರೆದು ಹೆಡ್‌ಮಿಸ್ ಕೈಗೆ ಕೊಟ್ಟೆ. ಇಲ್ಲಿ ಪ್ರತಿ ಶಾಲೆಯಲ್ಲೂ ಮಕ್ಕಳ ರಕ್ಷಣೆಗೆಂದೇ ಒಬ್ಬ ಹಿರಿಯರನ್ನು ನೇಮಿಸಿರುತ್ತಾರೆ, ಡೆಸಿಗ್ನೇಟೆಡ್ ಸೇಫ್‌ಗಾರ್ಡಿಂಗ್ ಲೀಡ್ ಅನ್ನುತ್ತಾರೆ. ಆ ವರ್ಷ ಆ ಹೊಣೆಯೂ ಅವರದೇ. "ಆ ಕೋಚ್ ಒಳ್ಳೆಯ ಹುಡುಗ, ಅವನ ಹತ್ತಿರ ನಾನು ಮಾತಾಡುತ್ತೇನೆ" ಅಂದರು. ಮಾತಾಡಿದರು ಕೂಡ. ಅಲ್ಲಿಗೆ ನಿಂತಿತು.

ಅವರು ಮಾಡಬೇಕಿದ್ದದ್ದು ಬೇರೆ. ಶಾಲೆಯಲ್ಲಿ ಕೆಲಸ ಮಾಡುವವರ ಮೇಲೆ ಇಂಥ ದೂರು ಬಂದರೆ ಸ್ಥಳೀಯ ಆಡಳಿತದಲ್ಲಿ ಅದಕ್ಕೆಂದೇ ಇರುವ ಅಧಿಕಾರಿಗೆ ತಿಳಿಸಬೇಕು. ಲಾಡೊ ಅಂತ ಕರೆಯುತ್ತಾರೆ. ಶಾಲೆಯೇ ತನಿಖೆ ನಡೆಸಿ, ಶಾಲೆಯೇ ಕ್ಷಮಿಸಿ ಬಿಡುವಂತಿಲ್ಲ. ಆಕೆ ಲಾಡೊಗೂ ಹೇಳಲಿಲ್ಲ, ಆಡಳಿತ ಮಂಡಳಿಗೂ ಹೇಳಲಿಲ್ಲ. ನಾಲ್ಕು ತಿಂಗಳ ನಂತರ ಇನ್ನೊಬ್ಬ ಹುಡುಗನ ತಾಯಿ ದೂರು ಕೊಟ್ಟಾಗ ಅದನ್ನು "ನಡವಳಿಕೆಯ ವಿಷಯ" ಅಂತ ಬರೆದು ಫೈಲಿಗೆ ಹಾಕಿದರು. ಆ ಕೋಚ್‌ನ ಹಿಂದಿನ ಕೆಲಸದ ಕಡೆಯಿಂದ ಬರಬೇಕಿದ್ದ ಪತ್ರಗಳು ಬರುವ ಮೊದಲೇ ಅವನನ್ನು ಸೇರಿಸಿಕೊಂಡಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಕಡೆಗೆ ಬೇರೆಲ್ಲೋ ಆದ ದೂರಿನ ಜಾಡು ಹಿಡಿದು ಪೊಲೀಸರು ಶಾಲೆಗೆ ಬಂದರು.

ನಾನು ಕಾಗದ ಕೊಟ್ಟ ದಿನದಿಂದ ಪೊಲೀಸರು ಬಂದ ದಿನಕ್ಕೆ ಹನ್ನೊಂದು ತಿಂಗಳು. ಅಷ್ಟು ದಿನವೂ ಆ ಮಗು ಅವನ ಕೈಕೆಳಗೇ ಆಡುತ್ತಿದ್ದ, ಮತ್ತು ನಾನು ಅದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದೆ.

ಈಗ ವಿಚಾರಣೆ ಹೇಗೆ ನಡೆಯುತ್ತದೆ ಅನ್ನುವುದು. ಇಂಗ್ಲೆಂಡಿನಲ್ಲಿ ಇದನ್ನು ನೋಡಿಕೊಳ್ಳುವುದು ಟೀಚಿಂಗ್ ರೆಗ್ಯುಲೇಶನ್ ಏಜೆನ್ಸಿ, 2018ರಲ್ಲಿ ಶುರುವಾದದ್ದು, ಕಚೇರಿ ಕವೆಂಟ್ರಿಯಲ್ಲಿ. ವೇಲ್ಸ್‌, ಸ್ಕಾಟ್ಲೆಂಡ್‌ಗಳಿಗೆ ಬೇರೆ ಸಂಸ್ಥೆಗಳಿವೆ. ದೂರನ್ನು ಶಾಲೆಯೇ ಕಳಿಸಬಹುದು, ಪೊಲೀಸರು ಕಳಿಸಬಹುದು, ಸಾಮಾನ್ಯ ಜನರೂ ಕಳಿಸಬಹುದು. ಪಾಠ ಚೆನ್ನಾಗಿ ಮಾಡುವುದಿಲ್ಲ, ತಡವಾಗಿ ಬರುತ್ತಾರೆ ಅನ್ನುವಂಥವನ್ನು ಅವರು ಮುಟ್ಟುವುದೇ ಇಲ್ಲ, ಅದೆಲ್ಲ ಶಾಲೆಯ ಮಟ್ಟದ್ದು. ಗಂಭೀರವಾದ ದುರ್ನಡತೆ ಮಾತ್ರ ಅಲ್ಲಿಗೆ ಹೋಗುತ್ತದೆ. ಮೂವರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಶಿಕ್ಷಕ ವೃತ್ತಿಯವರು, ಒಬ್ಬರಾದರೂ ಹೊರಗಿನವರು ಇರಲೇಬೇಕು. ಏಜೆನ್ಸಿಯ ಪರ ವಕೀಲರು ಆರೋಪ ಮಂಡಿಸುತ್ತಾರೆ. ಶಿಕ್ಷಕರ ಪರ ಹೆಚ್ಚಾಗಿ ಅವರ ಯೂನಿಯನ್‌ ಕೊಟ್ಟ ವಕೀಲರು ಬರುತ್ತಾರೆ. (ಬಂದ ಮೊದಲ ವಾರವೇ ಯೂನಿಯನ್ ಸೇರು, ಹಣ ಉಳಿಸಲು ಹೋಗಬೇಡ.) ಕ್ರಿಮಿನಲ್ ಕೋರ್ಟಿನ ಹಾಗೆ ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತಾಗಬೇಕಿಲ್ಲ. ನಡೆದಿರುವ ಸಂಭವವೇ ಹೆಚ್ಚು ಅನ್ನಿಸಿದರೆ ಸಾಕು.

ಅಲ್ಲಿ ದಂಡ ಇಲ್ಲ, ಆರು ತಿಂಗಳ ಅಮಾನತು ಇಲ್ಲ. ತಪ್ಪು ಮಾಡಿದ್ದಾರೆ ಅಂತ ಪ್ರಕಟಿಸಿ ಬಿಡಬಹುದು, ಇಲ್ಲವೇ ಪಾಠ ಮಾಡುವುದನ್ನೇ ನಿಷೇಧಿಸಬಹುದು. ಮೂವರು ಶಿಫಾರಸು ಮಾಡುತ್ತಾರೆ, ಶಿಕ್ಷಣ ಮಂತ್ರಿಯ ಪರವಾಗಿ ಒಬ್ಬ ಹಿರಿಯ ಅಧಿಕಾರಿ ತೀರ್ಮಾನ ಮಾಡುತ್ತಾರೆ. ನಿಷೇಧಕ್ಕೆ ಕೊನೆಯ ದಿನಾಂಕ ಅಂತ ಇರುವುದಿಲ್ಲ. ಅವಕಾಶ ಕೊಟ್ಟಿದ್ದರೆ, ಕಡಿಮೆಯೆಂದರೆ 2 ವರ್ಷ ಕಳೆದ ಮೇಲೆ ತೆಗೆದುಹಾಕಿ ಎಂದು ಕೇಳಬಹುದು. ಒಪ್ಪದಿದ್ದರೆ 28 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ತೀರ್ಪು ಹೆಸರಿನ ಸಮೇತ ಎಲ್ಲರೂ ಓದುವ ಹಾಗೆ ಪ್ರಕಟವಾಗುತ್ತದೆ.

ನಮ್ಮ ಹೆಡ್‌ಮಿಸ್ ಪ್ರಕರಣದಲ್ಲಿ ವಿಚಾರಣೆಯ ದಿನ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ನನ್ನ ಸಾಕ್ಷಿ ನಲವತ್ತು ನಿಮಿಷ ನಡೆಯಿತು. ಪ್ಯಾನೆಲ್‌ನಲ್ಲಿದ್ದ ಹೆಂಗಸೊಬ್ಬರು ಕೊನೆಗೆ ಮೆತ್ತಗೆ ಕೇಳಿದರು: "ಕಾಗದ ಕೊಟ್ಟ ಮೇಲೆ ಏನಾಯಿತು ಅಂತ ನೀವು ಮತ್ತೆ ಕೇಳಿದಿರಾ?" ಇಲ್ಲ ಅಂದೆ. ಅವರು ಬರೆದುಕೊಂಡರು, ಮುಂದಿನ ಪ್ರಶ್ನೆ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ತಂಗಿ. ಕೇಳಬಹುದಿತ್ತು. ಹೆಡ್ ಮೇಲೆಯೇ ಅನುಮಾನ ಇದ್ದರೆ ಆಡಳಿತ ಮಂಡಳಿಯ ಅಧ್ಯಕ್ಷರ ಬಳಿ ಹೋಗಬಹುದಿತ್ತು, ಯಾರನ್ನೂ ಕೇಳದೆ ನಾನೇ ಮಕ್ಕಳ ಸೇವಾ ವಿಭಾಗಕ್ಕೆ ಫೋನ್ ಮಾಡಬಹುದಿತ್ತು. ಇದೆಲ್ಲ ನಾವು ಕೆಲಸಕ್ಕೆ ಸೇರುವಾಗ ಓದಿಯೇ ಸಹಿ ಹಾಕುವ ಕೀಪಿಂಗ್ ಚಿಲ್ಡ್ರನ್ ಸೇಫ್ ಇನ್ ಎಜುಕೇಶನ್ ಅನ್ನುವ ಸರ್ಕಾರಿ ಕೈಪಿಡಿಯಲ್ಲಿದೆ. ನಾನೂ ಸಹಿ ಹಾಕಿದ್ದೆ. ಹೇಳುವವರಿಗೆ ಹೇಳಿಯಾಯಿತು, ಇನ್ನು ಅವರುಂಟು ಅಂತ ಕೈ ತೊಳೆದುಕೊಂಡಿದ್ದೆ.

ಆಕೆಗೆ ನಿಷೇಧವಾಯಿತು. ನಿನ್ನ ಭಯಕ್ಕೆ ಉತ್ತರ ಇರುವುದು ಇಲ್ಲಿ. ಲಾಡೊಗೆ ಹೇಳದಿದ್ದದ್ದು ದೊಡ್ಡ ತಪ್ಪೇ. ಆದರೆ ಪೊಲೀಸರು ಬಂದ ಮೇಲೆ ಆಕೆ ಹಳೆಯ ತಾರೀಖು ಹಾಕಿ ಒಂದು ಟಿಪ್ಪಣಿ ಬರೆದು ಫೈಲಿಗೆ ಸೇರಿಸಿದ್ದರು. ಕೋಚ್ ಜೊತೆ ಮಾತಾಡಿ ಎಲ್ಲ ದಾಖಲಿಸಿದ್ದೆ ಅಂತ ತೋರಿಸಲು. ಕಂಪ್ಯೂಟರ್ ನಿಜ ಹೇಳಿತು. ಅವರ ಪರ ಮಾತಾಡಲು ಬಂದವರಿದ್ದರು, ಇಪ್ಪತ್ತು ವರ್ಷದ ಸೇವೆ ಇತ್ತು, ತಪ್ಪು ಅರಿವಾಗಿದೆ ಅನ್ನುವ ಪತ್ರವೂ ಇತ್ತು. ಆ ಸುಳ್ಳು ಟಿಪ್ಪಣಿಯ ಎದುರು ಅದ್ಯಾವುದೂ ನಿಲ್ಲಲಿಲ್ಲ. ಸಣ್ಣ ತಪ್ಪಿಗೆ ನಿನ್ನನ್ನು ಯಾರೂ ಅಲ್ಲಿಗೆ ಎಳೆಯುವುದಿಲ್ಲ. ತಪ್ಪಾಯಿತೆಂದು ಅದೇ ದಿನ ಬರೆದು ಹೇಳಿದವರನ್ನು ಕೂರಿಸಿ ಕಲಿಸುತ್ತಾರೆ.

ತೀರ್ಪು ಬಂದಾಗ ಸ್ಟಾಫ್ ರೂಮಿನಲ್ಲಿ ಕೆಲವರು ಇದು ಅತಿಯಾಯಿತು ಅಂದರು. ನನ್ನ ಹೊಟ್ಟೆಯೂ ಉರಿಯಿತು, ಅನ್ನ ಹಾಕಿದವರಿಗೆ ಕೈಯಾರೆ ಕೇಡು ಮಾಡಿದೆ ಅನ್ನಿಸಿತು. ಬಹಳ ದಿನ ಯೋಚಿಸಿ ಹೇಳುತ್ತಿದ್ದೇನೆ, ತೀರ್ಪು ಸರಿ. ಆಕೆಯ ಋಣ ನನ್ನದು. ಅದನ್ನು ಆ ಹುಡುಗನ ಮೈಯಿಂದ ತೀರಿಸುವ ಹಕ್ಕು ನನಗಿರಲಿಲ್ಲ.

ಈ ದೇಶ ಇದನ್ನು ಸುಖದಲ್ಲಿ ಕಲಿತಿಲ್ಲ. 2002ರ ಆಗಸ್ಟಿನಲ್ಲಿ ಸೋಹಮ್ ಅನ್ನುವ ಸಣ್ಣ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನು ಕೊಂದವನು ಅಲ್ಲಿನ ಶಾಲೆಯೊಂದರ ಕೇರ್‌ಟೇಕರ್. ಅವನ ಮೇಲೆ ಹಿಂದೆ ಬೇರೆ ಊರಲ್ಲಿ ಹಲವು ದೂರುಗಳು ಬಂದಿದ್ದವು, ಆ ಮಾಹಿತಿ ಅವನನ್ನು ಕೆಲಸಕ್ಕೆ ತೆಗೆದುಕೊಂಡವರನ್ನು ತಲುಪಲೇ ಇಲ್ಲ. ಅದು ಹೇಗಾಯಿತು ಅಂತ ವಿಚಾರಿಸಿದ ಬಿಚರ್ಡ್ ಸಮಿತಿಯ ವರದಿ 2004ರಲ್ಲಿ ಬಂತು. ನಿನ್ನ ಹತ್ತಿರ ಪೊಲೀಸ್ ಸರ್ಟಿಫಿಕೇಟು, ಹಳೆಯ ಶಾಲೆಗಳ ಪತ್ರ ಅಂತೆಲ್ಲ ಕೇಳಿ ಸುಸ್ತು ಮಾಡಿದರು ಅಂದೆಯಲ್ಲ, ಬೇಸರಿಸಬೇಡ. ಆ ಕಾಗದಗಳ ಹಿಂದೆ ಇಂಥ ಮಕ್ಕಳಿದ್ದಾರೆ.

ನೀನು ಇಲ್ಲಿ ಕಷ್ಟಪಟ್ಟು ಕಲಿಯಬೇಕಾದದ್ದು ಇಂಗ್ಲಿಷ್ ಉಚ್ಚಾರ ಅಲ್ಲ. ಮಗು ಬಂದು "ಮಿಸ್, ಯಾರಿಗೂ ಹೇಳಬೇಡಿ" ಅಂದಾಗ ನಮ್ಮ ಬಾಯಲ್ಲಿ ತಾನಾಗಿ ಬರುವುದು "ಇಲ್ಲ ಪುಟ್ಟಾ, ಹೇಳಲ್ಲ." ಆ ಮಾತು ಕೊಡಬಾರದು. ನಿನಗೆ ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗುತ್ತದೆ ಅಂತ ಅಲ್ಲೇ ಹೇಳಬೇಕು. ಕೆದಕಿ ಕೆದಕಿ ಕೇಳಬಾರದು, ಮಗು ಆಡಿದ ಮಾತನ್ನು ಮಗುವಿನ ಪದಗಳಲ್ಲೇ ಬರೆಯಬೇಕು. ಮೊದಮೊದಲು ಚಾಡಿ ಹೇಳಿದ ಹಾಗೆ ಮೈಯೆಲ್ಲ ಮುದುಡುತ್ತದೆ. ದೊಡ್ಡವರ ಮಾನ, ಶಾಲೆಯ ಹೆಸರು, ಮನೆಯ ಮಾತು ಬೀದಿಗೆ ಬರಬಾರದು, ಇವು ನಮ್ಮ ರಕ್ತದಲ್ಲಿವೆ. ನಾನು ಊರಲ್ಲಿ ಹಾಸ್ಟೆಲಿನಲ್ಲಿದ್ದಾಗ ನನಗಿಂತ ಎರಡು ವರ್ಷ ದೊಡ್ಡವಳೊಬ್ಬಳು ನಡುವರ್ಷದಲ್ಲಿ ಟ್ರಂಕು ಹೊತ್ತುಕೊಂಡು ಹೋಗಿಬಿಟ್ಟಳು. ಯಾಕೆ ಅಂತ ಅಡುಗೆಯವರಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಅವಳ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಹೆಸರು ನನಗೆ ಇವತ್ತಿಗೂ ಕಾಣುತ್ತದೆ.

ಆಗ ಕಾನೂನು ಇರಲಿಲ್ಲ ಅನ್ನಬಹುದು. ಈಗ ಇದೆ, ನೀನಿರುವಲ್ಲೇ ಇದೆ. ಅದಕ್ಕೇ ನಿನ್ನ ಪತ್ರದ ಕೊನೆಯ ಪುಟಕ್ಕೆ ಬರುತ್ತೇನೆ. ಬೇರೇನೋ ಬರೆಯುತ್ತಾ ನಡುವೆ ಬರೆದಿದ್ದೀಯ: ಏಳನೇ ಕ್ಲಾಸಿನ ಹುಡುಗಿ, ತೋಟದ ಕೂಲಿಯವರ ಲೈನ್ ಮನೆಯವಳು, ಶಾಲೆಯ ಜೀಪಿನಲ್ಲಿ ಮುಂದಿನ ಸೀಟಿಗೆ ಕರೆದರೆ ಅಳುತ್ತಾಳೆ, ಸಂಜೆ ಕೊನೆಯವಳಾಗಿ ಇಳಿಯುವುದು ಅವಳೇ, ಈಚೆಗೆ ಜೀಪು ಬಿಟ್ಟು ನಡೆದೇ ಹೋಗುತ್ತೇನೆ ಅನ್ನುತ್ತಾಳೆ, ಹೆಡ್‌ಮಿಸ್‌ಗೆ ಹೇಳಿದೆ, "ನೀನು ಹೇಗೂ ಹೊರಟವಳು, ಇದೆಲ್ಲ ಯಾಕೆ" ಅಂದರು ಅಂತ. ಅದನ್ನು ಓದಿದಾಗ ನನ್ನ ಕೈ ತಣ್ಣಗಾಯಿತು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಓದು. ಅಪರಾಧ ನಡೆದಿದೆ ಅಂತ ಗೊತ್ತಿದ್ದರೆ ಮಾತ್ರವಲ್ಲ, ನಡೆಯಬಹುದು ಅನ್ನುವ ಶಂಕೆ ಇದ್ದರೂ ಪೊಲೀಸರಿಗೆ ತಿಳಿಸಬೇಕು, ಯಾರೇ ಆಗಲಿ. ಹೆಡ್‌ಮಿಸ್‌ಗೆ ಹೇಳಿದ್ದು ಇದಕ್ಕೆ ಸಾಲದು. ಅಪರಾಧ ನಡೆದದ್ದು ಗೊತ್ತಿದ್ದೂ ತಿಳಿಸದವರಿಗೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ, ಶಂಕೆ ಸುಳ್ಳಾದರೂ, ಕೇಸು ಹಾಕುವಂತಿಲ್ಲ. ಪೊಲೀಸರು ಸಮವಸ್ತ್ರದಲ್ಲಿ ಬಂದು ಮಗುವಿನ ಹೇಳಿಕೆ ತೆಗೆದುಕೊಳ್ಳುವಂತಿಲ್ಲ, ಮಗುವಿನ ಹೆಸರು ಹೊರಗೆ ಬಿಡುವಂತಿಲ್ಲ. ಅವಳ ಅಪ್ಪ ಅಮ್ಮ ತೋಟದ ಕೆಲಸ ಹೋಗುತ್ತದೆಂದು ಹೆದರಬಹುದು. ಅದಕ್ಕೇ ನೀನು ಹೇಳಬೇಕು, ಅವರ ಬಾಯಿಂದ ಬರಲಿ ಅಂತ ಕಾಯಬೇಡ. ಜೀಪಿನ ಡ್ರೈವರ್ ತಪ್ಪೇ ಮಾಡಿಲ್ಲದೆ ಇರಬಹುದು. ಅದನ್ನು ನೋಡುವುದು ನಿನ್ನ ಕೆಲಸವೂ ಅಲ್ಲ, ಹೆಡ್‌ಮಿಸ್ ಕೆಲಸವೂ ಅಲ್ಲ.

ಅವಳನ್ನು ಕೂರಿಸಿ ಏನೂ ವಿಚಾರಿಸಬೇಡ. ನೋಡಿದ್ದು, ಕೇಳಿದ್ದು, ದಿನ, ಹೊತ್ತು, ಹೆಡ್‌ಮಿಸ್‌ಗೆ ಹೇಳಿದ್ದು ಯಾವತ್ತು, ಅವರು ಏನಂದರು, ಎಲ್ಲ ಒಂದು ಹಾಳೆಯಲ್ಲಿ ಬರೆದು ಇವತ್ತಿನ ತಾರೀಖು ಹಾಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಆಮೇಲೆ ಆ ಹಾಳೆ ಹಿಡಿದು ಠಾಣೆಗೆ ಹೋಗು, ಒಬ್ಬಳೇ ಹೋಗಲು ಅಳುಕಾದರೆ ಮಡಿಕೇರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ, ಅಲ್ಲಿಯವರ ನೆರವು ಕೇಳು.

ನೀನು ಪತ್ರ ಬರೆದು ಆರು ದಿನವಾಯಿತು. ನಾಳೆ ಬೆಳಗ್ಗೆ ಜೀಪು ಮತ್ತೆ ಲೈನ್ ಮನೆಯ ಹತ್ತಿರ ಬಂದು ನಿಲ್ಲುತ್ತದೆ. ಫೋನ್ ಮಾಡಿದ ಮೇಲೆ ನನಗೆ ಒಂದು ಸಾಲು ಬರೆ. ಇಲ್ಲಿ ನಡುರಾತ್ರಿಯಾಗಿದ್ದರೂ ಪರವಾಗಿಲ್ಲ, ಎದ್ದಿರುತ್ತೇನೆ.

ನಿನ್ನ ಅಕ್ಕ