‘ಕಸ್ಟಡಿ’ ಸಿನಿಮಾದಲ್ಲಿ ಹೊಡೆತ ಬಡಿತ ಅಷ್ಟಿಲ್ಲ, ಆದರೂ ಅಷ್ಟು ಭಯ ಯಾಕೆ ಆಗುತ್ತದೆ?

ಯಾಕೆಂದರೆ ಅದು ತೋರಿಸುವುದು ಹೊಡೆತವನ್ನಲ್ಲ, ಹೊಡೆತ ಯಾವಾಗ ಬೀಳುತ್ತದೋ ಎಂದು ಕಾಯುವುದನ್ನು.

ಝೇವಿಯರ್ ಲೆಗ್ರಾಂಡ್ ನಿರ್ದೇಶಿಸಿದ 2017ರ ಈ ಫ್ರೆಂಚ್ ಸಿನಿಮಾ ಶುರುವಾಗುವ ಹೊತ್ತಿಗೆ ಗಂಡ ಹೆಂಡತಿ ಬೇರೆಯಾಗಿದ್ದಾರೆ. ಮೊದಲ ದೃಶ್ಯವೇ ನ್ಯಾಯಾಧೀಶೆಯ ಕೋಣೆ. ಮಗ ಯಾರ ಬಳಿ ಇರಬೇಕು ಅಂತ ಎರಡೂ ಕಡೆಯ ವಕೀಲರು ವಾದ ಮಾಡುತ್ತಾರೆ, ಹೆಂಡತಿ ಮಾತ್ರ ಹೆಚ್ಚು ಮಾತಾಡುವುದೇ ಇಲ್ಲ. ಇವಳೇ ಏನೋ ಮುಚ್ಚಿಡುತ್ತಿದ್ದಾಳೆ ಅಂತ ನನಗೂ ಮೊದಲ ಸಲ ಅನ್ನಿಸಿತ್ತು. ಆ ಮೌನವೂ ಹಳೆಯ ಹೆದರಿಕೆಯ ಗುರುತೇ ಅಂತ ತಿಳಿಯುವುದು ಆಮೇಲೆ.

ಹಿಂಸೆ ಕಂಡ ಮಗು ದೊಡ್ಡವರ ಮೂಡ್ ಓದುವುದನ್ನು ಕಲಿತುಬಿಡುತ್ತದೆ. ದನಿ ಸ್ವಲ್ಪ ಏರಿತಾ, ಬಾಗಿಲು ಜೋರಾಗಿ ಹಾಕಿದರಾ, ಎಲ್ಲವೂ ಅದಕ್ಕೆ ಸೂಚನೆ. ಹಿಂಸೆ ನಿಂತರೂ ಈ ಎಚ್ಚರ ಸುಲಭಕ್ಕೆ ನಿಲ್ಲುವುದಿಲ್ಲ. ಸಿನಿಮಾದ ಹುಡುಗ ಜೂಲಿಯನ್ ವಾರಾಂತ್ಯದಲ್ಲಿ ಅಪ್ಪನ ಕಾರಿನಲ್ಲಿ ಕೂತಾಗ ಹೀಗೇ ಇರುತ್ತಾನೆ, ಮೈಯೆಲ್ಲ ಬಿಗಿ, ಕಣ್ಣು ಕೆಳಗೆ, ಅಮ್ಮನ ಹೊಸ ಮನೆ ಎಲ್ಲಿ ಅಂತ ಕೇಳಿದರೆ ತಪ್ಪು ದಾರಿ ತೋರಿಸುತ್ತಾನೆ.

ನಿರ್ದೇಶಕರ ಜಾಣತನ ಏನಪ್ಪಾ ಅಂದರೆ, ಅದೇ ಎಚ್ಚರವನ್ನು ನಮಗೂ ಅಂಟಿಸುತ್ತಾರೆ. ಭಯ ಹುಟ್ಟಿಸಲು ಹಿನ್ನೆಲೆ ಸಂಗೀತ ಬಳಸುವುದಿಲ್ಲ. ಸೀಟ್ ಬೆಲ್ಟ್ ಹಾಕದಿದ್ದರೆ ಕಾರು ಮಾಡುವ ಬೀಪ್ ಸದ್ದು, ರಾತ್ರಿ ಬಿಡದೆ ಬಡಿದುಕೊಳ್ಳುವ ಕಾಲಿಂಗ್ ಬೆಲ್, ಆಮೇಲೆ ಲಿಫ್ಟ್ ಮೇಲೆ ಬರುವ ಸದ್ದು, ಇಷ್ಟೇ. ಲಿಫ್ಟಿನಲ್ಲಿ ಯಾರಿದ್ದಾರೆ ಅಂತ ಕಾಣುವುದಿಲ್ಲ, ಆದರೂ ನಮಗೆ ಗೊತ್ತಾಗುತ್ತದೆ. ಮುಂದಿನದನ್ನು ನಾನು ಹೇಳಲ್ಲ, ನೀವೇ ನೋಡಿ.