ರಕ್ತಾಕ್ಷಿ ಯಾರು?

ಓದುಗರ ಪತ್ರ: ಕುಮಟಾ ಪೇಟೆಯಲ್ಲಿ ನಮ್ಮ ಅಜ್ಜ 1952ರಲ್ಲಿ ಕೊಂಡ ಮನೆಯೊಂದಿದೆ. ನಾವೆಲ್ಲ ಈಗ ಮುಂಬಯಿಯಲ್ಲಿದ್ದೇವೆ. ಈಚೆಗೆ ಜಗಲಿಯ ತೊಲೆಗೆ ಬಳಿದಿದ್ದ ಬಣ್ಣ ತೆಗೆಸಿದಾಗ ‘ಶಕೆ ೧೭೮೯ ರಕ್ತಾಕ್ಷಿ ಫಾಲ್ಗುಣ ಶು ೫’ ಎಂಬ ಕೆತ್ತನೆ ಕಂಡಿತು. ಹಾಗಾದರೆ ಮನೆ ಟಿಪ್ಪೂವಿನ ಕಾಲದ್ದೇ? ಈ ರಕ್ತಾಕ್ಷಿ ಎಂಬ ಹೆಣ್ಣುಮಗಳು ಯಾರು? ಹಿತ್ತಿಲಿನ ವಖಾರ (ಗೋದಾಮು) ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿಯಾಗಿತ್ತು ಎಂದು ನೆರೆಯವರು ಹೇಳುತ್ತಾರೆ, ನಿಜವೇ? ಮನೆಯಲ್ಲಿ ನಮಗಿಂತ ಮೊದಲು ಇದ್ದವರನ್ನು ಪತ್ತೆ ಮಾಡಲು ಚೆನ್ನೈಗೆ ಹೋಗಬೇಕಂತೆ. ದಾರಿ ತೋರಿಸಿ.

ಸಂಪಾದಕರ ಉತ್ತರ:

ರಕ್ತಾಕ್ಷಿ ಹೆಣ್ಣುಮಗಳಲ್ಲ, ಸಂವತ್ಸರ. ಅರವತ್ತು ಸಂವತ್ಸರಗಳಲ್ಲಿ 58ನೆಯದು. 1804, 1864, 1924, ಹೀಗೆ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ನಿಮ್ಮ ಮನೆಯ ವಯಸ್ಸು ಸಿಗುವುದು ಈ ಹೆಸರಿನಿಂದಲೇ, ಅಂಕಿಯಿಂದಲ್ಲ.

ತೊಲೆಯ ಮೇಲಿರುವುದು ಶಾಲಿವಾಹನ ಶಕ. ಇಸವಿ ಬೇಕಾದರೆ ಅದಕ್ಕೆ 78 ಕೂಡಿಸಬೇಕು. 1789ಕ್ಕೆ ಕೂಡಿಸಿದರೆ 1867 ಬರುತ್ತದೆ. ಟಿಪ್ಪೂ ತೀರಿಹೋಗಿ ಆಗಲೇ 68 ವರ್ಷ. ಆದರೆ 1867ರ ಯುಗಾದಿಗೆ ಶುರುವಾದದ್ದು ಪ್ರಭವ, ರಕ್ತಾಕ್ಷಿಯಲ್ಲ. ಅಂಕಿ ಮತ್ತು ಹೆಸರು ತಾಳೆಯಾಗದಿದ್ದರೆ ಹೆಚ್ಚಾಗಿ ತಪ್ಪು ಅಂಕಿಯದೇ. ಉಳಿಯಲ್ಲಿ ಕೆತ್ತಿದ ೬ ಮತ್ತು ೯ ಒಂದರಂತೆ ಇನ್ನೊಂದು ಕಾಣುತ್ತವೆ, ಬಣ್ಣ ಕೆರೆದ ಮರದ ಮೇಲಂತೂ ಕೇಳುವುದೇ ಬೇಡ. ೧೭೮೬ ಎಂದು ಓದಿ ನೋಡಿ: 1786ಕ್ಕೆ 78 ಸೇರಿದರೆ 1864, ಸರಿಯಾಗಿ ರಕ್ತಾಕ್ಷಿ. ಇನ್ನೊಂದು ಮಾತು. ಫಾಲ್ಗುಣ ವರ್ಷದ ಕೊನೆಯ ತಿಂಗಳು, ಅಷ್ಟು ಹೊತ್ತಿಗೆ ಇಂಗ್ಲಿಷ್ ಜನವರಿ ದಾಟಿರುತ್ತದೆ, ಆದ್ದರಿಂದ ಕೂಡಿಸಬೇಕಾದದ್ದು 79. ಹಾಗಾಗಿ ನಿಮ್ಮ ತೊಲೆ 1865ರ ಮಾರ್ಚ್ ಮೊದಲ ವಾರದ್ದು. ಜೊತೆಗೆ ವಾರದ ಹೆಸರೂ ಇದ್ದಿದ್ದರೆ ದಿನವನ್ನೇ ಖಚಿತ ಮಾಡಬಹುದಿತ್ತು. ತಿಥಿಯ ಮುಂದೆ ಒಂದೆರಡು ಅಕ್ಷರ ಮಾಸಿರಬಹುದು, ಹುಡುಕಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ತೊಲೆಗೆ ಒತ್ತಿಕೊಂಡಂತೆ ಹಿಡಿದು ಬೆಳಕು ಪಕ್ಕದಿಂದ ಹಾಯುವಂತೆ ಮಾಡಿ. ಎದುರಿನ ಬೆಳಕಿಗೆ ಕಾಣದ ಗೀರು ನೆರಳಿನಲ್ಲಿ ಎದ್ದು ಬರುತ್ತದೆ. ಎಡದಿಂದೊಮ್ಮೆ, ಬಲದಿಂದೊಮ್ಮೆ ಫೋಟೋ ತೆಗೆಯಿರಿ. ಎಣ್ಣೆ, ಸುಣ್ಣ, ಸೀಮೆಸುಣ್ಣ ಏನನ್ನೂ ಹಚ್ಚಬೇಡಿ. ತಂತಿ ಬ್ರಷ್ ಮನೆಯೊಳಗೇ ಬರಬಾರದು.

ಮನೆಗೂ ತೊಲೆಗೂ ಒಂದೇ ವಯಸ್ಸೆಂದು ಮಾತ್ರ ಈಗಲೇ ನಂಬಬೇಡಿ. ಕರಾವಳಿಯಲ್ಲಿ ಮನೆ ಬೀಳಿಸಿದಾಗ ಒಳ್ಳೆಯ ಮರ ಬೇರೆ ಮನೆಗೆ ಹೋಗುವುದು ಇವತ್ತಿಗೂ ಇದೆ. ಏನೂ ಕೂರದ ತೂತು, ಎಲ್ಲೂ ಸೇರದ ಕಚ್ಚು ತೊಲೆಯಲ್ಲಿದ್ದರೆ, ಅಥವಾ ಅಕ್ಷರದ ಸಾಲನ್ನೇ ಕತ್ತರಿಸಿ ಗೋಡೆಗೆ ಕೂರಿಸಿದ್ದರೆ, ಅದು ಬೇರೆಡೆಯಿಂದ ಬಂದ ಮರ. ಹಂಚನ್ನೂ ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಹಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಹಾಗಾಗಿ ಈಗ ಮೇಲಿರುವುದು ಮಂಗಳೂರು ಹಂಚಾದರೆ ಅದು ತೊಲೆಗಿಂತ ಈಚಿನದು, ಮೊದಲು ನಾಡಹಂಚೋ ಹುಲ್ಲೋ ಇದ್ದಿರಬೇಕು.

ವಖಾರದ ವಿಚಾರ. ಕಂಪನಿಯ ಕೋಠಿ ಇದ್ದದ್ದು ಕಾರವಾರದಲ್ಲಿ, ಹದಿನೇಳನೆಯ ಶತಮಾನದ ಮಾತು. ಕಂಪನಿಯ ಆಳ್ವಿಕೆ 1858ಕ್ಕೇ ಮುಗಿಯಿತು. 1865ರ ಮನೆಯ ಹಿತ್ತಿಲಿಗೆ ಅದನ್ನು ಎಳೆದು ತರುವಂತಿಲ್ಲ. ಆದರೆ ಆ ವರ್ಷ ಕುಮಟೆಯಲ್ಲಿ ವಖಾರ ಏಕೆ ಬೇಕಾಗಿತ್ತು ಎಂಬುದಕ್ಕೆ ಕೋಠಿಗಿಂತ ಒಳ್ಳೆಯ ಕಾರಣವಿದೆ: ಹತ್ತಿ. ಹುಬ್ಬಳ್ಳಿ, ಧಾರವಾಡ ಸೀಮೆಯ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಶಿರಸಿಗೆ ಬಂದು ದೇವಿಮನೆ ಘಾಟಿ ಇಳಿದು ಕುಮಟೆ ಸೇರುತ್ತಿತ್ತು. ಅಲ್ಲಿಂದ ಮಚವೆ, ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ. ಬಯಲುಸೀಮೆಯ ಜವಾರಿ ಹತ್ತಿಗೆ ವಿಲಾಯತಿ ಮಾರುಕಟ್ಟೆಯಲ್ಲಿ ‘ಕೂಂಪ್ಟಾ’ ಎಂಬ ಹೆಸರೇ ನಿಂತದ್ದು ಹೀಗೆ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ, ಊರಿನ ಹೆಸರು ಬಂದರಿನಿಂದ ಮಾಲಿಗೆ ಅಂಟಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ಸಿಗದಾದಾಗ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಮಳೆಗಾಲದಲ್ಲಿ ಬಂದರು ಮುಚ್ಚುವ ಊರಿದು. ಮಳೆಗೆ ಮುಂಚೆ ಸಾಗಿಸಲಾಗದೆ ಉಳಿದ ಮಾಲು ಮತ್ತೆ ಹಡಗು ತೇಲುವವರೆಗೆ ಒಣಗಿದ ಜಾಗದಲ್ಲಿ ಇರಬೇಕು. ವಖಾರ ಅದಕ್ಕೇ.

ನಿಮ್ಮ ತೊಲೆ ಏರಿದ ಸುಮಾರು ಐದು ವಾರಕ್ಕೆ, 1865ರ ಏಪ್ರಿಲ್ 9ರಂದು, ಅಮೆರಿಕದಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಅದೇ ವರ್ಷ ಮುಂಬಯಿಯ ಹತ್ತಿ ಸಟ್ಟಾ ಕುಸಿದು ದೊಡ್ಡ ದೊಡ್ಡ ಮನೆತನಗಳು ದಿವಾಳಿಯೆದ್ದವು. 1880ರ ದಶಕದ ಕೊನೆಗೆ ರೈಲು ಘಟ್ಟ ಇಳಿದು ಗೋವೆಯ ಮುರಗಾಂವ್ ಬಂದರು ಸೇರಿದ ಮೇಲೆ ಬಯಲುಸೀಮೆಯ ಹತ್ತಿಗೆ ಕುಮಟೆಯ ದಾರಿ ಬೇಕಾಗಲಿಲ್ಲ. ಹಾಗೆಂದು ಮನೆ ಕಟ್ಟಿಸಿದವರು ಹತ್ತಿ ವ್ಯಾಪಾರಿಯೇ ಎಂದು ಹೇಳಲು ತೊಲೆ ಸಾಲದು. ಅದಕ್ಕೆ ಕಾಗದ ಬೇಕು.

ಕಾಗದಕ್ಕಾಗಿ ಚೆನ್ನೈಗೆ ಹೋಗಬೇಡಿ. ಊರು ಇದ್ದಲ್ಲೇ ಇದೆ, ದಫ್ತರ ಮಾತ್ರ ಮೂರು ಕಡೆ ಸುತ್ತಿದೆ. 1799ರಿಂದ ಕುಮಟೆಯೂ ಸೇರಿದ ಕೆನರಾ ಜಿಲ್ಲೆ ಮದರಾಸಿನ ಕೈಯಲ್ಲಿತ್ತು. ಹತ್ತಿ ಬೆಳೆಯುವ ಧಾರವಾಡ ಬೊಂಬಾಯಿ ಇಲಾಖೆಯದು, ಅದು ಇಳಿಯುವ ಬಂದರು ಮದರಾಸಿನದು ಎಂಬ ತೊಡಕಿಗೆ ಬೊಂಬಾಯಿಯ ಹತ್ತಿ ವರ್ತಕರು ಗದ್ದಲವೆಬ್ಬಿಸಿದರು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿಗೆ ಸೇರಿತು, ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲೇ ಉಳಿಯಿತು. 1956ರಿಂದ ಈಚೆಯದು ಬೆಂಗಳೂರು. ನಿಮ್ಮ ಮನೆ 1865ರದ್ದಾದರೆ ಮೇಲಿನ ಹಂತದ ಸರಕಾರಿ ಕಡತ ಇರುವುದು ನಿಮ್ಮ ಮುಂಬಯಿಯಲ್ಲೇ, ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ಪತ್ರಾಗಾರದಲ್ಲಿ. ಇಂಗ್ಲಿಷ್ ಕಡತದಲ್ಲಿ ಹುಡುಕುವಾಗ ಕುಮಟಾ ಎಂದಷ್ಟೇ ನೋಡಿದರೆ ಬರಿಗೈ; ಕೂಂಪ್ಟಾ, ಕುಂಪ್ಟಾ, ಕಾಂಪ್ಟಾ ಎಲ್ಲ ಕಾಗುಣಿತವನ್ನೂ ನೋಡಬೇಕು. ಹೊನ್ನಾವರ ಅಲ್ಲಿ ‘ಒನೋರ್’ ಆಗಿರುತ್ತದೆ.

ಆದರೆ ಅದು ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲು ನಿಮ್ಮ ಕಪಾಟಿನಲ್ಲಿರುವ 1952ರ ಕ್ರಯಪತ್ರ. ಅದರ ಬೆನ್ನಿಗೆ ಸಬ್‌ರಿಜಿಸ್ಟ್ರಾರರ ಷರಾ ಇರುತ್ತದೆ: ದಸ್ತಾವೇಜು ನಂಬರು, ಪುಸ್ತಕ, ಸಂಪುಟ, ಪುಟ. ಒಳಗೆ, ಮಾರಿದವರಿಗೆ ಆ ಸ್ವತ್ತು ಹೇಗೆ ಬಂತು ಎಂಬ ಒಂದು ವಾಕ್ಯ ಇರುತ್ತದೆ. ಆ ಹಿಂದಿನ ನಂಬರು, ವರ್ಷ ಹಿಡಿದು ಕುಮಟಾ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಅದರೊಳಗೆ ಅದಕ್ಕೂ ಹಿಂದಿನದು ಸಿಗುತ್ತದೆ. ಸ್ಥಿರಾಸ್ತಿಯ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, 1908ರ ನೋಂದಣಿ ಕಾಯ್ದೆಯ 57ನೇ ಕಲಮು ಹಾಗೆಂದು ಹೇಳುತ್ತದೆ. ಕೌಂಟರಿನಲ್ಲಿ ‘ಆಗೋದಿಲ್ಲ’ ಅಂದರೆ ಕಲಮನ್ನು ಅರ್ಜಿಯಲ್ಲೇ ಬರೆಯಿರಿ. ಮರಣಶಾಸನಗಳ 3ನೇ ಪುಸ್ತಕಕ್ಕೆ ಬೇರೆ ನಿಯಮ: ಬರೆದವರು ತೀರಿಹೋದ ಮೇಲೆ ನಕಲು ಸಿಗುತ್ತದೆ. ಸರಪಳಿ ತುಂಡಾದರೆ ಸೂಚಿ ನೋಡಬೇಕು, 1ನೇ ಸೂಚಿ ಹೆಸರಿನ ಪ್ರಕಾರ, 2ನೆಯದು ಸ್ವತ್ತಿನ ಪ್ರಕಾರ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರಾಯಿತು ಎಂದು ಹಲವರು ಹೇಳುತ್ತಾರೆ. ಕಂಪ್ಯೂಟರಿನ ಇ.ಸಿ. ಈಚಿನ ವರ್ಷಗಳಷ್ಟಕ್ಕೇ, ಅದರಲ್ಲಿ ‘ಏನೂ ಇಲ್ಲ’ ಎಂದು ಬಂದರೆ ಹಳೆಯದು ಇಲ್ಲವೆಂದು ಅರ್ಥವಲ್ಲ.

ಕ್ರಯಪತ್ರದಲ್ಲಿ ಜನ ಓದದೆ ಬಿಡುವ ಭಾಗ ಚಕ್ಕುಬಂದಿ. ನಮ್ಮ ಲೆಕ್ಕದಲ್ಲಿ ಅದೇ ಚಿನ್ನ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ವಖಾರ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥವರ ಹಿತ್ತಿಲು ಎಂದು ಇರುತ್ತದೆಯಲ್ಲ, ಒಂದು ಪತ್ರದಿಂದ ಆ ವರ್ಷ ಸುತ್ತ ಇದ್ದ ಮೂರು ಮನೆತನ ಸಿಕ್ಕಿದಂತೆ. ಪಕ್ಕದ ಮನೆಯವರ ಪತ್ರದಲ್ಲಿ ನಿಮ್ಮ ಮನೆ ಯಾರ ಹೆಸರಿನಲ್ಲಿದೆ ನೋಡಿ. ನಿಮ್ಮ ಸರಪಳಿ ತುಂಡಾದ ಕಡೆ ಬೆಸುಗೆ ಅಲ್ಲೇ ಸಿಗುತ್ತದೆ. ಹತ್ತು ಪತ್ರ ಸೇರಿದರೆ ಓಣಿಯ ನಕ್ಷೆಯನ್ನೇ ಬರೆಯಬಹುದು. ಸರ್ವೆ ನಂಬರನ್ನೂ ಸಿಟಿ ಸರ್ವೆ ನಂಬರನ್ನೂ ಮಾತ್ರ ಕಲಸಬೇಡಿ, ಎರಡೂ ಬೇರೆ ಬೇರೆ.

ಹೆಸರು ಓದುವಾಗ ಎಡವುವ ಜಾಗಗಳಿವೆ. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಮನೆಯಲ್ಲಿ ‘ವೆಂಕಟೇಶ ಬಿನ್ ರಾಮ’ ಐವತ್ತು ವರ್ಷದ ಅಂತರದಲ್ಲಿ ಎರಡು ಸಲ ಬರುತ್ತಾನೆ, ಇಬ್ಬರೂ ಬೇರೆ. ನಾಯಕ ಎಂದ ಕೂಡಲೇ ಜಾತಿ ಗೊತ್ತಾಯಿತು ಎನ್ನಬೇಡಿ, ಈ ಜಿಲ್ಲೆಯಲ್ಲಿ ನಾಡವರೂ ನಾಯಕರು, ಕೊಂಕಣಿಗರಲ್ಲೂ ನಾಯಕರು. ಮಾಲೀಕರೇ ಮನೆಯಲ್ಲಿದ್ದರೆಂದೂ ಹೇಳಲಾಗದು: ಭೋಗ್ಯಕ್ಕೆ ಕೊಟ್ಟ ಮನೆಯಲ್ಲಿ ವಾಸ ಸಾಲ ಕೊಟ್ಟವರದು. ಮನೆಗೆ ಗದ್ದೆಯೂ ಸೇರಿದ್ದರೆ ಇನ್ನೆರಡು ಕಡತ ನೋಡಿ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ಕೊಟ್ಟ 7ನೇ ನಮೂನೆಯ ಡಿಕ್ಲರೇಶನ್ನುಗಳಲ್ಲಿ ಗೇಣಿದಾರ, ಒಡೆಯ ಇಬ್ಬರ ಹೆಸರೂ ಇರುತ್ತವೆ. ಇನ್ನೊಂದು 1930ರ ದಶಕದ ಮ್ಯುಟೇಶನ್ ಎಂಟ್ರಿಗಳು, ಅಂದರೆ ಜಮೀನಿನ ಹೆಸರು ಬದಲಾದ ದಾಖಲೆಗಳು. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ, ಮುಖ್ಯವಾಗಿ ಅಂಕೋಲಾ ಮತ್ತು ಸಿದ್ದಾಪುರದ ಕಡೆ, ಸರಕಾರ ಜಪ್ತು ಮಾಡಿ ಹರಾಜು ಹಾಕಿದ ಜಮೀನಿಗೆ ಆ ಕೆಲವು ವರ್ಷ ಹರಾಜು ಹಿಡಿದವನ ಹೆಸರಿರುತ್ತದೆ. ಮುಂದೆ ಮೂಲದವರಿಗೆ ಮರಳಿದ್ದನ್ನು ನೋಡದೆ ಅವನನ್ನೇ ಹಳೆಯ ಒಡೆಯನೆಂದು ಬರೆದುಬಿಡುವ ಸಂಭವವಿದೆ.

ಈ ಬೇಸಿಗೆಯಲ್ಲಿ ಹೇಗೂ ಹಂಚು ಕೈಯಾಡಿಸಲು ಆಳು ಹತ್ತಿಸುತ್ತೀರಿ. ಆಗ ಜಗಲಿಯ ಮೇಲಿನ ನಾಲ್ಕು ಹಂಚು, ವಖಾರದ ಮೇಲಿನ ನಾಲ್ಕು ಹಂಚು ತಿರುಗಿಸಿ ನೋಡಲು ಹೇಳಿ. ಅಡಿಯಲ್ಲಿ ಕಾರ್ಖಾನೆಯ ಹೆಸರು, ಊರು ಒತ್ತಿರುತ್ತದೆ, ಕೆಲವದರಲ್ಲಿ ಇಸವಿಯೂ ಇರುತ್ತದೆ. ಎರಡೂ ಕಡೆಯ ಒತ್ತು ಬೇರೆಯಾಗಿದ್ದರೆ ಮನೆಯ ಮಾಡು, ವಖಾರದ ಮಾಡು ಬೇರೆ ಬೇರೆ ಕಾಲದಲ್ಲಿ ಏರಿರಬಹುದು. ಹಾಗಿದ್ದರೆ ವಖಾರಕ್ಕೆ ಪ್ರತ್ಯೇಕ ಪತ್ರ ಇತ್ತೇ ಎಂದು 2ನೇ ಸೂಚಿಯಲ್ಲಿ ಹುಡುಕಿ.