ಯಾವ ಸೆಮಿನರಿಗೆ ಸೇರಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ದೇವಸೇವೆಗೆ ಸಿದ್ಧರಾಗಬೇಕೆಂದಿರುವ ಓದುಗರಿಂದಲೂ ಅವರ ಮನೆಯವರಿಂದಲೂ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು, ಯಾವ ಸೆಮಿನರಿಗೆ, ಅಂದರೆ ದೈವಶಾಸ್ತ್ರ ಕಲಿಸುವ ಕಾಲೇಜಿಗೆ, ಸೇರಬೇಕು ಎಂಬ ಒಂದೇ ವಿಷಯವನ್ನು ಕುರಿತಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ. ಕೇಳಿದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಈ ವರ್ಷ ಬಿ.ಎ. ಮುಗಿಸಿದ್ದೇನೆ. ಸಭಾಪಾಲಕನಾಗಬೇಕೆಂಬ (ಪಾಸ್ಟರ್ ಆಗಬೇಕೆಂಬ) ದೇವರ ಕರೆ ಹಲವು ವರ್ಷಗಳಿಂದ ನನ್ನಲ್ಲಿದೆ. ಒಬ್ಬರು ಬೆಂಗಳೂರಿಗೆ ಹೋಗು ಎನ್ನುತ್ತಾರೆ, ಇನ್ನೊಬ್ಬರು ಪುಣೆಗೆ ಹೋಗು ಎನ್ನುತ್ತಾರೆ, ಮತ್ತೊಬ್ಬರು ಮಂಗಳೂರೇ ಸಾಕು ಎನ್ನುತ್ತಾರೆ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಒಂದೇ ವರ್ಷದಲ್ಲಿ ಪದವಿ ಕೊಡುವ ಸಂಸ್ಥೆಯೊಂದರ ಕರಪತ್ರವೂ ಕೈಗೆ ಬಂದಿದೆ. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಪತ್ರದ ತುಂಬ ಕಾಲೇಜುಗಳ ವಿಚಾರವಿದೆ, ನಿಮ್ಮ ಸಭಾಪಾಲಕರು ಏನೆಂದರು, ಸಭೆಯ ಹಿರಿಯರು ಏನೆಂದರು ಎಂಬ ಮಾತು ಎಲ್ಲಿಯೂ ಇಲ್ಲ. ಆದ್ದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಸೆಮಿನರಿ ಯಾರನ್ನೂ ಸಭಾಪಾಲಕನನ್ನಾಗಿ ಮಾಡುವುದಿಲ್ಲ. ಅದು ಕಲಿಸುತ್ತದೆ, ತಿದ್ದುತ್ತದೆ, ಪದವಿಗೆ ಅಣಿಗೊಳಿಸುತ್ತದೆ. ದೀಕ್ಷೆ ಕೊಟ್ಟು ಸೇವೆಗೆ ಕಳುಹಿಸುವುದು ಸಭೆ. ಸಿ.ಎಸ್.ಐ.ನಲ್ಲಿ ಅಭ್ಯರ್ಥಿಯ ದಾರಿ ಸ್ಥಳೀಯ ಸಭೆಯ ಶಿಫಾರಸಿನಿಂದ ಹೊರಟು, ಸಭಾಪ್ರಾಂತದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ) ಸಂದರ್ಶನವನ್ನು ದಾಟಿ, ಬಿಷಪ್ಪರ ಒಪ್ಪಿಗೆಯೊಡನೆ ಸೆಮಿನರಿಗೆ ತಲುಪುತ್ತದೆ. ಹೀಗೆ ಹೋದವನು ಸಭಾಪ್ರಾಂತದ ಅಭ್ಯರ್ಥಿ. ತಾನೇ ಅರ್ಜಿ ಹಾಕಿ, ತಾನೇ ಶುಲ್ಕ ಕಟ್ಟಿ ಹೋದವನು ಸ್ವತಂತ್ರ ಅಭ್ಯರ್ಥಿ. ತರಗತಿಯಲ್ಲಿ ಇಬ್ಬರಿಗೂ ಸಿಗುವ ಪಾಠ ಒಂದೇ ಆದರೂ, ಪದವಿ ಕೈಗೆ ಬಂದ ದಿನ ಇಬ್ಬರ ಸ್ಥಿತಿ ಒಂದೇ ಆಗಿರುವುದಿಲ್ಲ. ನಾಲ್ಕು ವರ್ಷ ಚೆನ್ನಾಗಿ ಓದಿ ಮುಗಿಸಿ ಹಿಂದಿರುಗಿದಾಗ ತನ್ನನ್ನು ಕರೆಯುವ ಸಭೆಯೇ ಇಲ್ಲವೆಂದು ಕಂಡು ಕಂಗಾಲಾದ ಯುವಕರನ್ನು ನಾನು ಬಲ್ಲೆ. ಅವರ ಕರೆ ಸುಳ್ಳಾಗಿರಲಿಲ್ಲ. ಅದನ್ನು ಸಭೆಯ ಮುಂದಿಟ್ಟು ಪರಿಶೀಲಿಸಿಕೊಳ್ಳಲು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

ಹಾಗಾಗಿ ನನ್ನ ಮೊದಲ ಸಲಹೆ ನಿಮಗೆ ನಿಧಾನವೆನ್ನಿಸಬಹುದು. ಈ ವರ್ಷ ಅರ್ಜಿ ಹಾಕಬೇಡಿ. ನಿಮ್ಮ ಸಭಾಪಾಲಕರ ಬಳಿ ಹೋಗಿ, ಒಂದು ವರ್ಷ ಅವರ ಕೈಕೆಳಗೆ ಕೆಲಸ ಮಾಡಲು ಅವಕಾಶ ಕೇಳಿ. ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳಿ. ಮನೆಭೇಟಿಗೆ, ಆಸ್ಪತ್ರೆಗೆ, ಸಮಾಧಿ ಸಂಸ್ಕಾರಕ್ಕೆ ಅವರ ಜೊತೆ ಹೋಗಿ. ಸಭಾ ಸಮಿತಿಯ ಲೆಕ್ಕಪತ್ರದ ಜಗಳಗಳನ್ನೂ ಹತ್ತಿರದಿಂದ ನೋಡಿ. ವೇದಿಕೆಯ ಮೇಲೆ ನಿಂತು ಪ್ರಸಂಗ ಮಾಡುವುದು ಈ ಕೆಲಸದ ಚಿಕ್ಕ ಭಾಗ. ಇಷ್ಟನ್ನೂ ನೋಡಿದ ಮೇಲೆ ಮನಸ್ಸು ಇನ್ನೂ ಅದೇ ಕಡೆಗೆ ಎಳೆದರೆ, ನಿಮ್ಮನ್ನು ನೋಡಿದ ಹಿರಿಯರು ತಾವಾಗಿಯೇ ಕಳುಹಿಸಲು ಮುಂದಾದರೆ, ನಿಮ್ಮ ಅರ್ಜಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಬೇಕಾಗಿಲ್ಲ.

ಇನ್ನು ಕಾಲೇಜುಗಳ ವಿಚಾರ. ಭಾರತದಲ್ಲಿ ಪ್ರಾಟೆಸ್ಟಂಟ್ ದೈವಶಾಸ್ತ್ರದ ಪದವಿಗಳಿಗೆ ಮುಖ್ಯವಾಗಿ ಎರಡು ವ್ಯವಸ್ಥೆಗಳಿವೆ. ಒಂದು ಪಶ್ಚಿಮ ಬಂಗಾಳದ ಸೆರಾಂಪುರದ ಸೆನೆಟ್, ಅಂದರೆ ಅಲ್ಲಿಯ ಕಾಲೇಜಿನ ಪದವಿ ನೀಡುವ ಮಂಡಳಿ. ವಿಲಿಯಂ ಕೇರಿ, ಜೋಶುವ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅವರು 1818ರಲ್ಲಿ ಸ್ಥಾಪಿಸಿದ ಸೆರಾಂಪುರ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಅರಸನ ಸನ್ನದು ಪದವಿ ನೀಡುವ ಅಧಿಕಾರವನ್ನು ಕೊಟ್ಟಿತು; 1918ರ ಸೆರಾಂಪುರ ಕಾಲೇಜು ಕಾಯ್ದೆ ಅದಕ್ಕೆ ಇಂದಿನ ಆಡಳಿತ ರೂಪವನ್ನು ತಂದಿತು. ದೇಶದ ಹಲವು ಕಾಲೇಜುಗಳ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಈ ಸೆನೆಟ್ಟಿನದು. ಪದವೀಧರರಿಗೆ ಅದು ಸಾಮಾನ್ಯವಾಗಿ ನಾಲ್ಕು ವರ್ಷಗಳ ಓದು. ಎರಡನೆಯದು 1970ರಲ್ಲಿ ಆರಂಭವಾದ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್, ಅಂದರೆ ಎ.ಟಿ.ಎ. ಇದು ತಾನೇ ಪದವಿ ನೀಡುವುದಿಲ್ಲ, ಇವ್ಯಾಂಜೆಲಿಕಲ್ (ಬೈಬಲ್ಲಿನ ಅಧಿಕಾರಕ್ಕೂ ವೈಯಕ್ತಿಕ ನಂಬಿಕೆಗೂ ಒತ್ತು ಕೊಡುವ) ಸಂಪ್ರದಾಯದ ಕಾಲೇಜುಗಳ ಪಠ್ಯಕ್ರಮವನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಅಲ್ಲಿ ಪದವೀಧರರು ಓದುವ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಸಾಮಾನ್ಯವಾಗಿ ಮೂರು ವರ್ಷಗಳದು. ಎ.ಟಿ.ಎ. ಮಾನ್ಯತೆಯೆಂದರೆ ಸರ್ಕಾರದ ಮಾನ್ಯತೆಯಲ್ಲ ಎಂಬುದನ್ನು ಪ್ರವೇಶಕ್ಕೆ ಮೊದಲೇ ತಿಳಿದಿರಬೇಕು. ನಿಮ್ಮ ಸಭಾಪ್ರಾಂತ ದೀಕ್ಷೆಗೆ ಯಾವ ಪದವಿಯನ್ನು ಒಪ್ಪುತ್ತದೆ ಎಂಬುದನ್ನು ಅದರ ಕಚೇರಿಯಲ್ಲಿಯೇ ವಿಚಾರಿಸಿ. ಗೆಳೆಯರ ಮಾತಿನ ಮೇಲೆ ಹೋಗಬೇಡಿ.

ಒಂದು ವರ್ಷದ ಕರಪತ್ರವನ್ನು ಪಕ್ಕಕ್ಕಿಡಿ. ಗ್ರಂಥಾಲಯವಿಲ್ಲದ, ಪೂರ್ಣಾವಧಿ ಅಧ್ಯಾಪಕರಿಲ್ಲದ, ಹಣ ಕಟ್ಟಿದವರಿಗೆಲ್ಲ ಡಾಕ್ಟರೇಟ್ ತೊಡಿಸುವ ಸಂಸ್ಥೆಗಳು ನಮ್ಮ ನಡುವೆ ಹೆಚ್ಚಿವೆ. ಸತ್ಯವನ್ನು ಸಾರಲು ಹೊರಟವನ ಹೆಸರಿನ ಹಿಂದೆ ಅಂಥ ಪದವಿ ಇರುವುದು ಸಭೆಗೆ ಮಾಡುವ ಅವಮಾನವೆಂದೇ ನಾನು ತಿಳಿದಿದ್ದೇನೆ.

ನಿಮಗೆ ಮಂಗಳೂರನ್ನು ಹೇಳಿದವರು ಸರಿಯಾದ ಮಾತನ್ನೇ ಹೇಳಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಕಡೆ ಹೋದರು. ನಿಮ್ಮ ಭಾಗದ ಸಭೆಗಳ ಬೇರು ಅಲ್ಲಿದೆ. 1847ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಅವರ ಸೆಮಿನರಿಯ ಪರಂಪರೆಯೇ ಇಂದು ಬಲ್ಮಠದ ಗುಡ್ಡದ ಮೇಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮುಂದುವರಿದಿದೆ. 1965ರಲ್ಲಿ ಈಗಿನ ರೂಪಕ್ಕೆ ಬಂದ ಈ ಕಾಲೇಜು ಕನ್ನಡ ಸಭೆಗಳಿಗಾಗಿಯೇ ಇರುವಂಥದ್ದು. ಹರ್ಮನ್ ಮೋಗ್ಲಿಂಗ್, ಫರ್ಡಿನಾಂಡ್ ಕಿಟೆಲ್ ಅವರ ಕಾಲದಿಂದ ಕೂಡಿಬಂದ ದಾಖಲೆಗಳೂ ಪುಸ್ತಕಗಳೂ ಅಲ್ಲಿಯ ಸಂಗ್ರಹದಲ್ಲಿವೆ. ಹಾವೇರಿಯ ಹಳ್ಳಿಯಲ್ಲಿ ಸೇವೆ ಮಾಡಲಿರುವವನು ತನ್ನ ಸಭೆ ಹೇಗೆ ಹುಟ್ಟಿತೆಂದು ಅರಿಯಲು ಅದಕ್ಕಿಂತ ತಕ್ಕ ಸ್ಥಳವಿಲ್ಲ.

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜನ್ನು ನಾನು ಕಡಿಮೆ ಎಣಿಸುತ್ತಿಲ್ಲ. 1910ರಲ್ಲಿ ಸ್ಥಾಪನೆಯಾದ ಆ ಕಾಲೇಜಿನ ಗ್ರಂಥಾಲಯ ದೊಡ್ಡದು, ಅಧ್ಯಾಪಕ ವರ್ಗ ಹೆಸರಾದದ್ದು. 1981ರಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಅವರು ಅಲ್ಲಿ ಮಾಡಿದ ಭಾಷಣದಿಂದಲೇ ದಲಿತ ದೈವಶಾಸ್ತ್ರದ ಚರ್ಚೆ ಹೊರಟಿತೆಂದು ಗುರುತಿಸುತ್ತಾರೆ. ಪುಣೆಯ ಯೂನಿಯನ್ ಬಿಬ್ಲಿಕಲ್ ಸೆಮಿನರಿಯೂ ಅಷ್ಟೇ ಗಂಭೀರವಾದ ವಿದ್ಯಾಸ್ಥಳ. ಆದರೆ ಆ ಎರಡು ಕಡೆಗಳಲ್ಲಿಯೂ ಓದು, ಬರೆಹ, ಚರ್ಚೆ ಎಲ್ಲವೂ ಇಂಗ್ಲಿಷಿನಲ್ಲಿ. ನಾಲ್ಕು ವರ್ಷ ಕ್ರಿಸ್ತನ ಕೃಪೆಯನ್ನೂ ಪಾಪಕ್ಷಮೆಯನ್ನೂ ಇಂಗ್ಲಿಷಿನಲ್ಲಿಯೇ ಯೋಚಿಸಿದವನು, ಸಾವಿನ ಮನೆಯಲ್ಲಿ ಅಳುತ್ತಿರುವ ತಾಯಿಯ ಮುಂದೆ ನಿಂತಾಗ ಕನ್ನಡದಲ್ಲಿ ಮಾತು ಹುಡುಕಬೇಕಾಗುತ್ತದೆ. ಇದನ್ನು ದಾಟಿದವರಿದ್ದಾರೆ, ಆದರೆ ಪ್ರಯತ್ನಪಟ್ಟು ದಾಟಬೇಕು. ಬಿ.ಡಿ.ಯನ್ನು ಕನ್ನಡದ ನೆಲದಲ್ಲಿ ಮಾಡಿ, ಕೆಲವು ವರ್ಷ ಸಭೆಯಲ್ಲಿ ದುಡಿದು, ಆಮೇಲೆ ಎಂ.ಟಿಎಚ್. (ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಓದಲು ಬೆಂಗಳೂರಿಗೆ ಹೋಗುವುದು ನಿಮ್ಮಂಥವರಿಗೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮಂಗಳೂರಿಗೇ ಹೋಗುವುದಾದರೂ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆಯಬಹುದು ಎಂದು ಮುಂಚೆಯೇ ಕೇಳಿ.

ಯಾವ ಕಾಲೇಜನ್ನೇ ಆರಿಸಿದರೂ ಒಮ್ಮೆ ಖುದ್ದಾಗಿ ಹೋಗಿ ಎರಡು ದಿನ ಇದ್ದು ಬನ್ನಿ. ಬೆಳಗಿನ ಆರಾಧನೆಗೆ ಅಧ್ಯಾಪಕರು ಬರುತ್ತಾರೆಯೇ, ಅವರಲ್ಲಿ ಸಭೆಯನ್ನು ಪಾಲಿಸಿದ ಅನುಭವ ಎಷ್ಟು ಜನರಿಗಿದೆ, ಹೀಬ್ರು ಮತ್ತು ಗ್ರೀಕ್ ಭಾಷೆಗಳನ್ನು ಪರೀಕ್ಷೆಯ ಮಟ್ಟಿಗೆ ಮಾತ್ರ ಕಲಿಸುತ್ತಾರೋ ಅಥವಾ ಪ್ರಸಂಗದ ಸಿದ್ಧತೆಗೆ ಬಳಸುವಷ್ಟು ಕಲಿಸುತ್ತಾರೋ, ವಾರಾಂತ್ಯದ ಸಭಾಸೇವೆಗೆ ಕಳುಹಿಸಿದ ವಿದ್ಯಾರ್ಥಿಯ ಕೆಲಸವನ್ನು ಯಾರಾದರೂ ನೋಡಿ ತಿದ್ದುತ್ತಾರೆಯೇ ಎಂಬುದನ್ನೆಲ್ಲ ಗಮನಿಸಿ. ಹಾಸ್ಟೆಲ್, ಊಟ, ಪುಸ್ತಕ, ಕ್ಷೇತ್ರಕಾರ್ಯ ಸೇರಿ ಪೂರ್ಣ ಅವಧಿಗೆ ಆಗುವ ವೆಚ್ಚವನ್ನು ಬರೆಹದಲ್ಲಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಓದಿ ಐದಾರು ವರ್ಷಗಳಾದ ಇಬ್ಬರು ಸಭಾಪಾಲಕರನ್ನು ಅವರ ಸಭೆಗಳಲ್ಲಿಯೇ ಭೇಟಿಯಾಗಿ, ಅವರ ಪ್ರಸಂಗ ಕೇಳಿ.

ಬೈಬಲ್ಲನ್ನು ವಿಮರ್ಶೆಯ ದೃಷ್ಟಿಯಿಂದ ಓದಿಸುವ ಕಾಲೇಜಿಗೆ ಹೋದರೆ ನಂಬಿಕೆ ಕೆಡುತ್ತದೆ ಎಂದು ನಿಮಗೆ ಯಾರಾದರೂ ಹೆದರಿಸಿರಬಹುದು. ಮೊದಲ ವರ್ಷದಲ್ಲಿ ಹಲವರಿಗೆ ತಳಮಳವಾಗುವುದು ನಿಜ. ಆದರೆ ಸಭೆಯ ಯುವಕರು ಕೇಳುವ ಕಷ್ಟದ ಪ್ರಶ್ನೆಗಳನ್ನು ಸಭಾಪಾಲಕನು ಮೊದಲು ತಾನು ಎದುರಿಸಿರಬೇಕು. ಗುರುಗಳ ಸಮೀಪದಲ್ಲಿ, ಪ್ರಾರ್ಥನೆಯ ನಡುವೆ ಎದುರಿಸುವುದು ಒಳ್ಳೆಯದು. ತಳಮಳಗೊಂಡ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಮಾತಾಡುವ ಅಧ್ಯಾಪಕರು ಇದ್ದಾರೋ ಇಲ್ಲವೋ ಎಂದು ಅಲ್ಲಿಯ ಹಿರಿಯ ವಿದ್ಯಾರ್ಥಿಗಳನ್ನು ಕೇಳಿನೋಡಿ.

ಪ್ರಶ್ನೆ: ಬೀದರ್ ಜಿಲ್ಲೆಯ ಮೆಥಡಿಸ್ಟ್ ಕುಟುಂಬದ ಯುವತಿ ನಾನು, ಬಿ.ಎಸ್ಸಿ. ಆಗಿದೆ. ಸೆಮಿನರಿಗೆ ಸೇರುತ್ತೇನೆಂದರೆ ಮನೆಯಲ್ಲಿ, “ಹೆಣ್ಣುಮಕ್ಕಳಿಗೆ ಅದು ಯಾಕೆ, ಮಹಿಳಾ ಸಂಘದ ಕೆಲಸ ಸಾಲದೇ” ಎನ್ನುತ್ತಾರೆ. ಮುಂದುವರಿಯಲೇ?

ಉತ್ತರ: ಮುಂದುವರಿಯಿರಿ. ನಿಮ್ಮ ಮೆಥಡಿಸ್ಟ್ ಸಭೆಯಲ್ಲಿ ಸ್ತ್ರೀಯರ ದೀಕ್ಷೆಗೆ ಅವಕಾಶವಿದೆ. ಸಿ.ಎಸ್.ಐ.ನಲ್ಲಿ ಸ್ತ್ರೀಯರು ದಶಕಗಳಿಂದ ಸಭಾಪಾಲಕರಾಗಿದ್ದಾರೆ, 2013ರಲ್ಲಿ ಇ. ಪುಷ್ಪಲಲಿತ ಅವರು ಆಂಧ್ರದ ನಂದ್ಯಾಲ ಸಭಾಪ್ರಾಂತದ ಬಿಷಪ್ಪರಾಗಿ ಆ ಸಭೆಯ ಮೊದಲ ಮಹಿಳಾ ಬಿಷಪ್ ಎನಿಸಿದರು. ಈ ಸಂಗತಿಗಳನ್ನು ಮನೆಯವರಿಗೆ ಶಾಂತವಾಗಿ ತಿಳಿಸಿ. ಮಹಿಳಾ ಸಂಘದ ಕೆಲಸ ಕೀಳಲ್ಲ; ಆದರೆ ಕರೆ ಬಂದಿರುವುದು ಸಭಾಪಾಲನೆಗೆ ಎಂದಾದರೆ, ಅದು ಇದಕ್ಕೆ ಬದಲಿಯಾಗಲಾರದು.

ಕಾಲೇಜನ್ನು ಆರಿಸುವಾಗ ನಿಮಗೆ ಕೆಲವು ಹೆಚ್ಚಿನ ವಿಚಾರಣೆಗಳು ಬೇಕು. ಅಧ್ಯಾಪಕರಲ್ಲಿ ಸ್ತ್ರೀಯರು ಎಷ್ಟಿದ್ದಾರೆ? ವಿದ್ಯಾರ್ಥಿನಿಯರಿಗೆ ಪ್ರತ್ಯೇಕ, ಸುರಕ್ಷಿತ ವಸತಿ ಇದೆಯೇ? ದೂರು ಕೊಡಬೇಕಾಗಿ ಬಂದರೆ ಕೇಳಲು ಕ್ರಮಬದ್ಧ ಸಮಿತಿ ಇದೆಯೇ? ವಾರಾಂತ್ಯದ ಸೇವೆಯಲ್ಲಿ ವಿದ್ಯಾರ್ಥಿನಿಯರಿಗೂ ಪ್ರಸಂಗದ ಸರದಿ ಸಿಗುತ್ತದೆಯೋ, ಅಥವಾ ಹಾಡಿಸಲು ಮಾತ್ರ ಕರೆಯುತ್ತಾರೋ? ಮೆಥಡಿಸ್ಟ್ ಅಭ್ಯರ್ಥಿಗಳು ಹಲವರು ಜಬಲ್ಪುರದ ಲಿಯೊನಾರ್ಡ್ ಥಿಯಾಲಾಜಿಕಲ್ ಕಾಲೇಜಿಗೆ ಹೋಗುತ್ತಾರೆ. ಅದು ನಿಮ್ಮ ಸಭೆಯದೇ ಪರಂಪರೆಯ ಕಾಲೇಜು. ಆದರೆ ನೀವು ಬೀದರಿನ ಕಡೆಗೇ ಹಿಂದಿರುಗುವವರಾದರೆ, ಮೇಲಿನ ಉತ್ತರದಲ್ಲಿ ಕನ್ನಡದ ಬಗ್ಗೆ ಹೇಳಿದ್ದು ನಿಮಗೂ ಸಲ್ಲುತ್ತದೆ. ನಿಮ್ಮ ಸಭೆಯ ಜಿಲ್ಲಾ ಮೇಲ್ವಿಚಾರಕರನ್ನು ಕಂಡು, ಹೊರ ಕಾಲೇಜಿನ ಬಿ.ಡಿ.ಗೆ ಶಿಫಾರಸು ಮಾಡುತ್ತಾರೆಯೇ ಎಂದು ಕೇಳಿ, ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ಹನ್ನೆರಡು ವರ್ಷಗಳಿಂದ ಸ್ವತಂತ್ರ ಸಭೆಯೊಂದನ್ನು ನಡೆಸುತ್ತಿದ್ದೇನೆ. ಔಪಚಾರಿಕ ತರಬೇತಿ ಇಲ್ಲ. ಹೆಂಡತಿ, ಮಕ್ಕಳು, ಸಭೆ ಎಲ್ಲವನ್ನೂ ಬಿಟ್ಟು ಮೂರು ವರ್ಷ ಹೋಗಲಾರೆ. ನನಗೆ ದಾರಿಯುಂಟೇ?

ಉತ್ತರ: ಉಂಟು. ಇಷ್ಟು ವರ್ಷಗಳ ಸೇವೆಯ ನಂತರವೂ ಕಲಿಯಬೇಕೆನ್ನುವ ನಿಮ್ಮ ಮನಸ್ಸನ್ನು ನಾನು ಗೌರವಿಸುತ್ತೇನೆ. ನಿಮ್ಮಂಥವರಿಗಾಗಿಯೇ ವಿಸ್ತರಣಾ ಶಿಕ್ಷಣ, ಅಂದರೆ ಇದ್ದಲ್ಲಿಯೇ ಇದ್ದು ಕಲಿಯುವ ವ್ಯವಸ್ಥೆ, ಇದೆ. ಬೆಂಗಳೂರಿನಲ್ಲಿ ಕಚೇರಿಯಿರುವ ಟಾಫ್ಟೀ ಎಂಬ ಸಂಸ್ಥೆ 1970ರ ದಶಕದಿಂದ ಈ ಕೆಲಸವನ್ನೇ ಮಾಡುತ್ತ ಬಂದಿದೆ: ವಿದ್ಯಾರ್ಥಿ ಮನೆಯಲ್ಲಿ ಪಾಠ ಓದಿ, ಸಮೀಪದಲ್ಲಿ ಸೇರುವ ಸಣ್ಣ ಗುಂಪಿನಲ್ಲಿ ಮಾರ್ಗದರ್ಶಕರೊಡನೆ ಚರ್ಚಿಸುತ್ತಾನೆ. ಸೆರಾಂಪುರದ ಸೆನೆಟ್ ಕೂಡ ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಎಂಬ ಬಾಹ್ಯ ಪದವಿಯನ್ನು ನಡೆಸುತ್ತದೆ. ನೀವು ಆರಿಸುವ ಪಾಠ ಕನ್ನಡದಲ್ಲಿ ಲಭ್ಯವೇ ಎಂದು ಮೊದಲು ವಿಚಾರಿಸಿ.

ಒಂಟಿಯಾಗಿ ಪುಸ್ತಕ ಓದುವುದಕ್ಕಿಂತ ಗುಂಪಿನಲ್ಲಿ ಕಲಿಯುವುದನ್ನು ಆರಿಸಿ. ಸ್ವತಂತ್ರ ಸಭೆಯ ಪಾಲಕನಿಗೆ ತನ್ನ ಬೋಧನೆಯನ್ನು ಪ್ರಶ್ನಿಸುವ ಸಮಾನರು ಇರುವುದಿಲ್ಲ, ಮತ್ತು ಪದವಿಯ ಕೊರತೆಗಿಂತ ಈ ಕೊರತೆ ದೊಡ್ಡದು. ಬೇಸಗೆಯಲ್ಲಿ ಕೆಲವು ಕಾಲೇಜುಗಳು ಸಭಾಪಾಲಕರಿಗಾಗಿ ನಡೆಸುವ ಅಲ್ಪಾವಧಿ ಶಿಬಿರಗಳಿಗೂ ಹೋಗಿ. ಮೊದಲ ವರ್ಷ ಸಭಾ ಚರಿತ್ರೆಯನ್ನೂ ಹಳೆಯ ಒಡಂಬಡಿಕೆಯನ್ನೂ ತೆಗೆದುಕೊಳ್ಳಿರೆಂದು ಹೇಳುತ್ತೇನೆ. ತಾವಾಗಿಯೇ ಓದಿ ಬಂದವರಲ್ಲಿ ಈ ಎರಡೇ ಹೆಚ್ಚಾಗಿ ಬಿಟ್ಟುಹೋಗಿರುತ್ತವೆ.

ಪ್ರಶ್ನೆ: ನಾವು ಕಥೋಲಿಕರು. ಮಗ ಪಿಯುಸಿ ಮುಗಿಸಿ ಗುರುವಾಗಬೇಕೆನ್ನುತ್ತಾನೆ (ಪಾದ್ರಿಯಾಗಬೇಕೆನ್ನುತ್ತಾನೆ). ಜೆಪ್ಪುವಿನ ಗುರುಮಠಕ್ಕೆ (ಸೆಮಿನರಿಗೆ) ಕಳುಹಿಸಲೇ, ಮಲ್ಲೇಶ್ವರಂಗೆ ಕಳುಹಿಸಲೇ?

ಉತ್ತರ: ನಿಮ್ಮಲ್ಲಿ ಈ ಆಯ್ಕೆ ತಂದೆತಾಯಿಯರದ್ದೂ ಅಲ್ಲ, ಮಗನದ್ದೂ ಅಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ 1879ರಿಂದ ಇರುವ ಸಂತ ಜೋಸೆಫರ ಗುರುಮಠವೂ ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠವೂ ಧರ್ಮಾಧ್ಯಕ್ಷರು (ಬಿಷಪ್ಪರು) ಅಥವಾ ಸನ್ಯಾಸಿಗಳ ಧಾರ್ಮಿಕ ಸಭೆಗಳ ಮೇಲಧಿಕಾರಿಗಳು ಕಳುಹಿಸಿದವರನ್ನು ತೆಗೆದುಕೊಳ್ಳುತ್ತವೆ. ಹಾಗಾಗಿ ಮಗ ನಿರ್ಧರಿಸಬೇಕಾದದ್ದು ಬೇರೆಯೇ ಇದೆ: ತನ್ನ ಧರ್ಮಕ್ಷೇತ್ರದ (ಬಿಷಪ್ಪರ ಆಡಳಿತ ಪ್ರದೇಶದ) ಧರ್ಮಕೇಂದ್ರಗಳಲ್ಲಿ, ಅಂದರೆ ಊರೂರಿನ ಚರ್ಚುಗಳಲ್ಲಿ, ಸೇವೆ ಮಾಡುವ ಗುರುವಾಗಬೇಕೋ, ಅಥವಾ ಯೇಸುಸಭೆ, ಕಪುಚಿನ್ ಮೊದಲಾದ ಯಾವುದಾದರೂ ಸಭೆಗೆ ಸೇರಿ ಸಮುದಾಯ ಜೀವನವನ್ನೂ ಅದರ ವ್ರತಗಳನ್ನೂ ಸ್ವೀಕರಿಸಬೇಕೋ? ಎರಡರ ಜೀವನಕ್ರಮವೂ ಬೇರೆ. ಧರ್ಮಕ್ಷೇತ್ರದ ದೈವಕರೆ ನಿರ್ದೇಶಕರನ್ನು ಕಂಡು, ಅವರು ನಡೆಸುವ ಶಿಬಿರಕ್ಕೆ ಮಗನನ್ನು ಕಳುಹಿಸಿ. ಹೋಗಿಬಂದ ಮೇಲೆ ಅವನಿಂದ ಉತ್ತರವನ್ನು ಬಲವಂತವಾಗಿ ಹೊರಡಿಸಬೇಡಿ.

ದಾರಿ ದೀರ್ಘವೆಂಬುದೂ ನಿಮಗೆ ತಿಳಿದಿರಲಿ. ಧರ್ಮಸಭೆಯ ಕಾನೂನಿನ ಪ್ರಕಾರ ತತ್ವಶಾಸ್ತ್ರಕ್ಕೆ ಎರಡು ಪೂರ್ಣ ವರ್ಷ, ದೈವಶಾಸ್ತ್ರಕ್ಕೆ ನಾಲ್ಕು ಪೂರ್ಣ ವರ್ಷಗಳ ವ್ಯಾಸಂಗ ಬೇಕು. ಆರಂಭದ ತರಬೇತಿ, ಪದವಿ, ಕ್ಷೇತ್ರಾನುಭವ ಇವುಗಳ ಜೊತೆ ಸೇರುತ್ತವೆ. ಇಪ್ಪತ್ತೈದು ವರ್ಷ ತುಂಬದವರಿಗೆ ಸಾಮಾನ್ಯವಾಗಿ ಗುರುದೀಕ್ಷೆಯಿಲ್ಲ. ನಡುವೆ ಎಲ್ಲಿಯಾದರೂ, ಇದು ತನ್ನ ಕರೆಯಲ್ಲ ಎಂದು ಅವನಿಗೆ ಮನವರಿಕೆಯಾದರೆ, ಊರಿನವರ ಮಾತಿಗೆ ಅಂಜದೆ ಮನೆಗೆ ಬರಬಹುದೆಂದು ಅವನು ಹೊರಡುವ ಮೊದಲೇ ನೀವಿಬ್ಬರೂ ಬಾಯಿಬಿಟ್ಟು ಹೇಳಿ ಕಳುಹಿಸಿ.